ಮುದಕಪ್ಪನ ದನಿ ಮತ್ತು ನಿಲೋಫರ್

ಬೆಳಕು ಹರಿಯುವ ಹೊತ್ತು. ತಿರ್ಲಾಪುರದ ಪಂಚಾಯ್ತಿ ಕಚೇರಿಯ ಹಿಂದಿನ ಕೋಣೆಯಲ್ಲಿ ನಿಲೋಫರ್ ಒಬ್ಬರೇ ಕಂಪ್ಯೂಟರ್ ಚಾಲೂ ಮಾಡುತ್ತಾರೆ. ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಹರಿದು ನಿಲ್ಲುತ್ತವೆ. ಮರುಗಳಿಗೆಗೆ ಹೊರಗಿನ ಧ್ವನಿವರ್ಧಕದಲ್ಲಿ ಗಂಡಸಿನ ದನಿ: “ಊರ ಮಂದಿಗೆಲ್ಲಾ ನಮಸ್ಕಾರ್ರಿ. ಇವತ್ತ ಕೆಳಗಿನ ಓಣಿಗೆ ನೀರ ಬಿಡ್ತೇವಿ.”

ಓಣಿಯಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಅದು ಊರಿಗೆ ನೀರು ಬಿಡುತ್ತಿದ್ದ ವಾಟರ್‌ಮನ್ ಮುದಕಪ್ಪನ ದನಿ. ಅವರು ತೀರಿಕೊಂಡು ವರ್ಷ ದಾಟಿದೆ.

“ಸುಳ್ಳ ಯಾಕ ಹೇಳ್ಲಿ, ಹೆದರಿಕಿ ಆತ್ರಿ. ನನ್ನ ಹಿಂದ ನಿಂತು ಮಾತಾಡ್ದಂಗ ಆತು,” ಎನ್ನುತ್ತಾರೆ ನಿಲೋಫರ್.

ಅಣ್ಣಿಗೇರಿಯ ಈ ಹೆಣ್ಣುಮಗಳು ಹಳ್ಳಿಯ ಕಚೇರಿ, ಶಾಲೆಗಳ ಲಿನಕ್ಸ್ ಎಂಬ ತಂತ್ರಾಂಶದಲ್ಲಿ ನಡೆಯುವ ಕಂಪ್ಯೂಟರ್ ರಿಪೇರಿ ಮಾಡುತ್ತಾರೆ. ತಂದೆ ಹಾಸಿಗೆ ಹಿಡಿದಾಗ ಡಿಪ್ಲೊಮಾ ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಕೆಟ್ಟ ಮಷೀನುಗಳಿಂದಲೇ ಕಲಿತರು. ದಿನಕ್ಕೆ ಎರಡು ಮೂರು ಊರು, ಬಸ್ಸೇ ಗತಿ. ತಿರ್ಲಾಪುರದಲ್ಲಿ ಕರೆಂಟ್ ಹೋಗಿ ಬಂದ ಕೆಲವು ಮುಂಜಾನೆಗಳಲ್ಲಿ ಮಾತ್ರ ಈ ದನಿ ಏಳುತ್ತದೆ. ಮಷೀನು ಸುಟ್ಟುಹಾಕಿ ಎಂದು ಊರವರ ಹಟ.

ಕಂಪ್ಯೂಟರ್ ಪೆಟ್ಟಿಗೆ ಬಿಚ್ಚಿದರೆ ಒಳಗೆ ಮಾಹಿತಿ ಕೂಡಿಡುವ ಡಿಸ್ಕ್ ಒಂದಲ್ಲ, ಎರಡು. ಹೊಸದನ್ನು ಕೂಡಿಸಿದವರು ಹಳೆಯದನ್ನು ಕಳಚಿರಲಿಲ್ಲ.

“ಮಷೀನ್ ಏಳೂ ಮುಂದ ಒಂದ ಡಿಸ್ಕ್ ಹಿಡದು ಅದರ ಮ್ಯಾಲೆ ನಿಂದರತೈತ್ರಿ. ಅದಕ್ಕ ರೂಟ್ ಡಿಸ್ಕ್ ಅಂತೀವಿ. ಇಲ್ಲಿ, ಮೊದಲ ಸಿಕ್ಕದ್ದನ್ನ ಹಿಡಿ ಅಂತ ಬರದಿಟ್ಟಿದ್ರು. ಹಳೇದು ಮೊದಲ ಸಿಕ್ಕ ದಿನ, ಹ್ವಾದ ವರ್ಷದ ಮುಂಜಾನಿನ ಎದ್ದ ಬರ್ತಿತ್ತು.”

ಹೊಸ ಡಿಸ್ಕಿನ ಎಂದೂ ಬದಲಾಗದ ಗುರುತಿನ ಸಂಖ್ಯೆಯನ್ನೇ ಅವರು ಆ ಜಾಗದಲ್ಲಿ ಬರೆಯುತ್ತಾರೆ. ಅದರಲ್ಲಿ ಒಂದಂಕಿ ತಪ್ಪುತ್ತದೆ. ರೂಟ್ ಡಿಸ್ಕ್ ಸಿಗಲಿಲ್ಲವೆಂದು ಮಷೀನು ಅರ್ಧದಲ್ಲೇ ನಿಲ್ಲುತ್ತದೆ. ಕಪ್ಪು ಪರದೆ. ಬೆನ್ನ ಹಿಂದೆ ಯಾರದೋ ಉಸಿರು.

ತಿರುಗಿದರೆ ಬಾಗಿಲಲ್ಲಿ ಮುದಕಪ್ಪನ ಹೆಂಡತಿ ಕೆಂಚವ್ವ.

“ಎಲ್ಲಿ ಅದಾನ ಬೇ ಅಂವ?”

“ಇಲ್ಲಿಲ್ರಿ ಆಯಿ. ಅವರು ಇದ್ದಾಗ ರೆಕಾರ್ಡ್ ಮಾಡಿಟ್ಟ ದನಿ ಇದು. ಹಳೇ ಡಿಸ್ಕಿನ್ಯಾಗ ಮಷೀನ್ ಎದ್ದ ಕೂಡ್ಲೆ ತಾನ ಕೇಳಸೂಹಂಗ ಇಟ್ಟಿದ್ರು.”

“ಇನ್ನೊಮ್ಮಿ ಹಚ್ಚ.”

ನಿಲೋಫರ್ ಹೊರಗಿನ ಧ್ವನಿವರ್ಧಕದ ತಂತಿ ಕಿತ್ತು, ತಪ್ಪು ತಿದ್ದಿ, ಹಳೆಯ ಡಿಸ್ಕಿನಿಂದ ಆ ದನಿಯನ್ನು ಕೋಣೆಯೊಳಗಷ್ಟೇ ಕೇಳಿಸುತ್ತಾರೆ. ಕೆಂಚವ್ವ ಕೊನೆಯವರೆಗೂ ಕೇಳಿ ಸೆರಗು ಸರಿಮಾಡಿಕೊಳ್ಳುತ್ತಾರೆ. “ಸಾಕ ಬಿಡವಾ. ಆ ನೀರ ಯಾವಾಗೋ ತುಂಬಿದ್ದಾತು.”

ಈಗ ಕರೆಂಟ್ ಎಷ್ಟು ಸಲ ಹೋಗಿ ಬಂದರೂ ಮುಂಜಾನೆ ಕೇಳುವುದು ಹೊಸ ಸಿಬ್ಬಂದಿ ಸುವರ್ಣಾಳ ದನಿ. ನಿಲೋಫರ್ ಕಳಚಿದ ಹಳೆಯ ಡಿಸ್ಕನ್ನು ಊರವರು ಸುಡಲಿಲ್ಲ. ಬಟ್ಟೆಯಲ್ಲಿ ಸುತ್ತಿ ಕೆಂಚವ್ವ ಒಯ್ದರು.

ನಿಮಗೇನು ಬೇಕು ಎಂದು ಕೇಳಿದರೆ ನಿಲೋಫರ್ ನಗುತ್ತಾರೆ. “ಕೆಟ್ಟಾಗ ಎಲ್ಲಾರೂ ಕರೀತಾರ್ರಿ. ಮಷೀನ್ ಛಲೋ ಇದ್ದಾಗೂ ಒಮ್ಮಿ ಯಾರರ ಚಾ ಕುಡಿಯಾಕ ಕರದ್ರ ಸಾಕು.”