ಬೂಷ್ಟಿಗೆ ಬಡಿಸುವ ಕೈ

ಕಿಟಕಿಯಾಚೆ ಬೆಳಕು ಹರಿಯುವಾಗಲೇ ಪ್ರಯೋಗಾಲಯದ ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತಿದೆ. ಬೆಂದ ನೀರನ್ನು ಸೋಸಿ, ಸಕ್ಕರೆಯನ್ನೂ ಹೆಪ್ಪುಗಟ್ಟಿಸುವ ಕಡಲಪಾಚಿಯ ಪುಡಿಯನ್ನೂ ಬೆರೆಸಿ, ಹಬೆಯಲ್ಲಿ ಶುದ್ಧಗೊಳಿಸಿ ಗಾಜಿನ ತಟ್ಟೆಗಳಿಗೆ ಎರೆಯುತ್ತಿರುವ ಮಹಿಳೆ ಎಲ್ಲರ ಬಾಯಲ್ಲೂ ‘ಅಡುಗೆಯಕ್ಕ’. ಗಾಜು ತೊಳೆಯಲು ಸೇರಿದವರು, ಇಂದು ದಿನಕ್ಕೆ ನೂರರಷ್ಟು ತಟ್ಟೆ ಬಡಿಸುತ್ತಾರೆ. ಉಣ್ಣುವವರು ಮಾತ್ರ ಮನುಷ್ಯರಲ್ಲ. ರೋಗಿಗಳ ಕಿವಿಯಿಂದ ತೆಗೆದ ಶಿಲೀಂಧ್ರಗಳು.

“ಮನೇಲಿ ಬ್ರೆಡ್ಡಿಗೆ ಬೂಷ್ಟು ಬಂದ್ರೆ ನನ್ನ ಬೈತಾಳೆ. ಅಲ್ಲಿ ಅದಕ್ಕೇ ಸಕ್ಕರೆ ಹಾಕಿ ಸಾಕ್ತಾಳೆ,” ಎಂಬುದು ಈಜು ಕಲಿಸುವ ಗಂಡನ ಕೊಂಕು.

“ಕಿವೀಲಿ ಸಾಕಿರೋದು ನೀವಲ್ವೇನ್ರೀ? ನಾನು ಊಟ ಹಾಕ್ತಿದೀನಿ ಅಷ್ಟೆ!”

ಮಾತು ತಮಾಷೆಯದಾದರೂ ಸುಳ್ಳಲ್ಲ. ಸದಾ ನೀರಿನಲ್ಲಿರುವ ಅವರ ಬಲಗಿವಿಯಲ್ಲಿ ಕಪ್ಪು ಬೂಷ್ಟು ಠಿಕಾಣಿ ಹೂಡಿದೆ. ಔಷಧಿಯ ಹನಿ ಬಿದ್ದಾಗ ಓಡುತ್ತದೆ, ಮತ್ತೆ ಮರಳುತ್ತದೆ. ಕಿವಿ ಮಂದವಾಗಿ ಕೆಲಸಕ್ಕೇ ಕುತ್ತು ಬಂದಿದೆ. ಕೊಳದಲ್ಲಿ ಮಗು ಕೂಗಿದರೆ ಕೇಳಿಸಬೇಕಲ್ಲ? ಆ ಬೂಷ್ಟೇ ಈಗ ಅಕ್ಕನ ತಟ್ಟೆಯಲ್ಲಿದೆ. ಅದರೆದುರು ನಿಂತಿರುವುದು, ಕಾಂಪೌಂಡಿನ ಬದಿ ಯಾರೂ ನೀರೆರೆಯದೆ ಬೆಳೆಯುವ ಕಹಿ ಗಿಡವೊಂದರ ಎಲೆಯ ಸಾರ.

ಸಾರ ತೆಗೆಯುವುದು ಸ್ಪಿರಿಟ್ಟಿನಲ್ಲಿ. ಆದ್ದರಿಂದ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯ ಜೊತೆಗೆ ಬರೀ ಸ್ಪಿರಿಟ್ಟಿನಲ್ಲಿ ಅದ್ದಿದ್ದನ್ನೂ ಒಣಗಿಸಿ, ಹೋಲಿಕೆಗೆಂದು ತಟ್ಟೆಯಲ್ಲಿ ಇಡಬೇಕು. ಹಿಂದಿನ ಸಲ ಅಕ್ಕ ಅವಸರದಲ್ಲಿ ಸ್ಪಿರಿಟ್ಟು ಆರದ ಹಸಿ ಬಿಲ್ಲೆಗಳನ್ನೇ ಇಟ್ಟರು. ಎರಡರ ಸುತ್ತಲೂ ಬೂಷ್ಟು ಬೆಳೆಯಲಿಲ್ಲ. ತಡೆದದ್ದು ಎಲೆಯೋ ಸ್ಪಿರಿಟ್ಟೋ, ಯಾರಿಗೆ ಗೊತ್ತು?

“ಇನ್ನೊಂದೇ ಸಲ ಅಕ್ಕ. ಆಗ್ಲಿಲ್ಲ ಅಂದ್ರೆ ಈ ಎಲೆ ಕೈಬಿಡೋಣ,” ಎಂದಿದ್ದರು ಈ ಪ್ರಯೋಗ ನಡೆಸುವ ಸಂಶೋಧಕಿ.

ಇಂದು ಅದರ ತೀರ್ಮಾನ. ತಟ್ಟೆಯನ್ನು ಬೆಳಕಿಗೆ ಹಿಡಿದ ಅಕ್ಕನ ಕಣ್ಣು ಮೊದಲು ಹುಡುಕುವುದು ಬರೀ ಸ್ಪಿರಿಟ್ಟಿನ ಬಿಲ್ಲೆಯನ್ನು. ಕಪ್ಪು ಬೂಷ್ಟು ಅದರ ಮೇಲೇರಿ ಕುಳಿತಿದೆ. ಎಲೆಯ ಬಿಲ್ಲೆಯ ಸುತ್ತ ಮಾತ್ರ, ತೊಳೆದಿಟ್ಟ ಹಾಗೆ, ನಾಣ್ಯದಗಲದ ಖಾಲಿ ಜಾಗ.

“ಮೇಡಂ, ಓಡ್ಬನ್ನಿ! ಎಲೆ ಸುತ್ತ ನಾನು ಬಡಿಸಿದ್ದನ್ನ ಮುಟ್ಟೇ ಇಲ್ಲ!”

ಸಂಶೋಧಕಿ ಅಕ್ಕನನ್ನು ಅಪ್ಪಿಕೊಳ್ಳುತ್ತಾರೆ. “ಗೆದ್ವಿ ಅಕ್ಕ! ಆದ್ರೆ ತಟ್ಟೇಲಿ ಮಾತ್ರ. ಕಿವಿಗೆ ಹಾಕೋಕೆ ಇನ್ನೂ ಬೇಕಾದಷ್ಟು ಪರೀಕ್ಷೆ ಇದೆ. ಇವತ್ತೇ ಯಜಮಾನ್ರ ಕಿವಿಗೆ ಎಲೆ ಹಿಂಡ್ಬಿಟ್ಟೀರಿ!”

ಅಕ್ಕ ಆಗಲೇ ಫೋನಿನಲ್ಲಿ ಕೂಗುತ್ತಿದ್ದಾರೆ. ಆ ಕಡೆಯಿಂದ, “ಏನು? ಏನಂದೆ?”

“ಎಡಗಿವಿಗೆ ಇಟ್ಕೊಳ್ರೀ!”

ಪ್ರಯೋಗಾಲಯವಿಡೀ ನಗುತ್ತದೆ. ಮುಂದಿನ ಆಸೆಯೇನೆಂದು ಕೇಳಿದರೆ ಅಕ್ಕ ಕೈ ಒರೆಸಿಕೊಳ್ಳುತ್ತಾರೆ.

“ಕೂಗಿ ಕೂಗಿ ಗಂಟಲು ಬಿತ್ತು. ಒಂದಿನ ಆ ಬಲಗಿವೀಲಿ ಪಿಸುಗುಟ್ಬೇಕು.”

ಏನೆಂದು?

“ಪೇಪರಿಗೆ ಹೇಳೋ ಮಾತೇನ್ರೀ ಅದು?”