ಒಡೆದ ಪರಸಿಯ ಕಾಶಮ್ಮಕ್ಕ

ಕಾಶಮ್ಮಕ್ಕ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದದ್ದು ಗೋಡೆಯನ್ನು. ಬೆರಳಿನಿಂದ ಗೋಡೆ ಬಡಿದು, ಹಿಮ್ಮಡಿಯಿಂದ ನೆಲಕ್ಕೆ ಹಾಸಿದ ಪರಸಿಕಲ್ಲು ಕುಟ್ಟಿ, ಆಮೇಲೆ ಮನೆಯವರ ಕಡೆ ತಿರುಗಿ “ಆರಾಮ್ ಇದ್ದೀರೇನ್ರಿ?” ಎನ್ನುತ್ತಿದ್ದಳು.

ತಾಂಡೂರಿನಲ್ಲಿ ಅವಳು ಮನೆಮನೆಗೆ ಹಾಲು ಹಾಕುತ್ತಿದ್ದಳು. ಜೀವಮಾನವೆಲ್ಲ ಬಾಡಿಗೆ ಮನೆಯಲ್ಲೇ ಕಳೆದವಳು. ಆಗ ನಮ್ಮ ಕಡೆ ನಿಜಾಮರ ಸರ್ಕಾರ. ಆದರೆ ಅದು ಹೊಸ್ತಿಲ ತನಕ ಮಾತ್ರ. ಒಳಗೆಲ್ಲ ಮನೆ ಮಾಲಕರದೇ ಸರ್ಕಾರ. ಮನೆ ಹಿಡಿಯುವಾಗ ಅವರಿಗೆ ಮುಂಗಡವಾಗಿ ಪೇಶಗಿ ಕೊಡಬೇಕು. ಬಿಡುವಾಗ ಅದರಲ್ಲಿ ಮೊಳೆ ಹೊಡೆದದ್ದಕ್ಕೆ ಇಷ್ಟು, ಒಲೆಯ ಹೊಗೆ ಹಿಡಿದದ್ದಕ್ಕೆ ಇಷ್ಟು ಎಂದು ಮುರಿದುಕೊಂಡು, ಉಳಿದದ್ದನ್ನು ದಾನ ಮಾಡುವವರ ಹಾಗೆ ಕೈಗೆ ಹಾಕುತ್ತಿದ್ದರು. ಒಲೆ ಹಚ್ಚದೆ ಅಡುಗೆ ಮಾಡುವುದು ಹೇಗೆಂದು ಮಾತ್ರ ಯಾವ ಮಾಲಕರೂ ಹೇಳಿಕೊಡಲಿಲ್ಲ.

ಇದಕ್ಕೆ ಕಾಶಮ್ಮಕ್ಕ ಒಂದು ಪದ್ಧತಿ ಹಾಕಿದ್ದಳು. ಹೊಸ ಮನೆಯಲ್ಲಿ ಉಕ್ಕಿಸಲು ಹಾಲು ಬೇಕಲ್ಲ? ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತುಬಿಡುತ್ತಿದ್ದಳು. “ಸಾವ್ಕಾರ್ರ, ಮನ್ಯಾಗ ಎಲ್ಲೆಲ್ಲಿ ಒಡದದ, ನೀವೇ ಬಾಯಿಬಿಟ್ಟು ಹೇಳ್ರಿ. ಓಣಿ ಮಂದಿ ಕೇಳ್ಲಿ. ಆಮ್ಯಾಲ ಹಾಲು.” ಮುಹೂರ್ತ ಮೀರಿ ಬಾಡಿಗೆಯವರು ತಿರುಗಿ ಹೋದಾರೆಂಬ ಭಯಕ್ಕೆ ಮಾಲಕರು ಒಂದೊಂದೇ ಬಿರುಕನ್ನು ಒಪ್ಪಿಕೊಳ್ಳುತ್ತಿದ್ದರು.

ನಾವು ಬೊಮ್ರಾಸಪೇಟದಿಂದ ತಾಂಡೂರಿಗೆ ಬಂದು ಬಾಡಿಗೆ ಮನೆ ಹಿಡಿದವರು. ನಮ್ಮ ಎಮ್ಮೆಯ ಹಾಲೇ ಆಗಬೇಕೆಂದು ಅತ್ತೆ ಊರಿನಿಂದಲೇ ಕೊಟ್ಟು ಕಳಿಸಿದ್ದರು. ಕಾಶಮ್ಮಕ್ಕನನ್ನು ಕರೆಯಲಿಲ್ಲ. ಹಾಲು ಚೆನ್ನಾಗಿ ಉಕ್ಕಿತು, ಬಿರುಕಿನ ಮಾತು ಬರಲೇ ಇಲ್ಲ.

ಮುಂದೆ ನಮ್ಮ ಯಜಮಾನರಿಗೆ ಜಹೀರಾಬಾದಿನಲ್ಲಿ ಕೆಲಸ ಸಿಕ್ಕಿತು. ಬಾಗಿಲಲ್ಲಿ ಬಂಡಿ ನಿಂತಿತ್ತು. ನಾನು ತುಂಬು ಬಸುರಿ. ಇಲ್ಲಿಯ ಪೇಶಗಿ ಕೈಗೆ ಬಾರದೆ ಅಲ್ಲಿ ಮನೆ ಸಿಗುತ್ತಿರಲಿಲ್ಲ. ಮಾಲಕರಾದ ಗುಂಡಪ್ಪ ಸಾವ್ಕಾರರು ನಡುಮನೆಯ ಒಡೆದ ಪರಸಿ ತೋರಿಸಿ, “ಇದನ್ನ ನೀವೇ ಒಡದೀರಿ. ಪೇಶಗಿ ಇದಕ್ಕೇ ಸರಿಹೋತು” ಎಂದರು. ನನಗೆ ಅಳುವೇ ಬಂತು.

ಸುದ್ದಿ ಕೇಳಿ ಕಾಶಮ್ಮಕ್ಕ ಬಂದಳು. ಜೊತೆಗೆ ಅದೇ ಮನೆಯಲ್ಲಿ ಹಿಂದೆ ಇದ್ದ ಇಬ್ಬರು ಬಾಡಿಗೆದಾರರು. ಒಬ್ಬನ ಹೆಗಲ ಮೇಲೆ ಹಾರೆ.

“ಇದೇ ಪರಸೀಗೆ ಇವ್ರಿಬ್ಬರ ಕಡಿಂದನೂ ರೊಕ್ಕ ಮುರಕೊಂಡೀರಿ” ಎಂದಳು. “ಅಂದ್ರ ಅದನ್ನ ಮಾರಿದಂಗೇ ಆತು. ಇನ್ನ ಅದು ನಮ್ದು. ಕಿತ್ಕೊಂಡು ಹೋಗ್ತೀವ್ರಿ.”

“ನೆಲ ಅಗದ್ರ ನನ್ನ ಮನಿ ಏನಾಗಬೇಕು?”

“ಮನಿ ನಿಮ್ದರಿ. ಅದ್ರ ಚಿಂತಿ ನೀವೇ ಮಾಡ್ರಿ.”

ಓಣಿಯೆಲ್ಲ ನಕ್ಕಿತು. ಸಾವ್ಕಾರರು ನಮ್ಮ ಪೇಶಗಿಯನ್ನು ಪೂರ್ತಿ ಕೊಟ್ಟರು. ಹಳಬರಿಬ್ಬರಿಗೂ ಮುರಿದುಕೊಂಡ ರೊಕ್ಕ ತಿರುಗಿ ಕೊಡುವುದಕ್ಕಿಂತ ಕಲ್ಲು ಬಿಟ್ಟುಕೊಡುವುದೇ ಅಗ್ಗವೆಂದು ಕಂಡು, ಅದನ್ನು ಒಯ್ಯಿರಿ ಎಂದರು. ಅದು ಕಾಶಮ್ಮಕ್ಕನ ಅಂಗಳ ಸೇರಿತು. ಅಂದಿನಿಂದ ಮಾಲಕರ ಮೇಲೆ ದೂರು ಹೊತ್ತು ಬಂದವರನ್ನೆಲ್ಲ ಅವಳು ಕೂರಿಸುತ್ತಿದ್ದದ್ದು ಅದರ ಮೇಲೆಯೇ.

ಅವಳು ತೀರಿಕೊಂಡ ಸುದ್ದಿ ತಿಳಿದು ನಾನು ಜಹೀರಾಬಾದಿನಿಂದ ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಅವಳ ಮನೆಯ ಮಾಲಕ ಆಗಲೇ ಗೋಡೆ ಸವರಿ ನೋಡುತ್ತಿದ್ದ. “ಗ್ವಾಡೀಗೆ ಹಾಲಿನ ಕಲೆ ಹತ್ಯಾವ, ಪೇಶಗಿದಾಗ ಮುರಕೋಬೇಕಾಗ್ತದ” ಎಂದು ಅವಳ ತಂಗಿಗೆ ಹೇಳಿ, ಅಂಗಳದ ಪರಸಿಯತ್ತ ಕೈ ಮಾಡಿ, “ಅದೂ ಮನೀದೇ ಅದ” ಎಂದ. ಕಾಶಮ್ಮಕ್ಕ ಇನ್ನಿಲ್ಲವೆಂಬುದು ನನಗೆ ನಿಜವಾಗಿ ತಟ್ಟಿದ್ದು ಆಗ. ಅವಳಿದ್ದಿದ್ದರೆ ಆ ಮನುಷ್ಯನಿಗೆ ಆ ಬಾಯಿ ಬರುತ್ತಿರಲಿಲ್ಲ.

ಅಳುತ್ತಿದ್ದ ತಂಗಿಯ ಕೈ ಹಿಡಿದು ತಂದು ಆ ಪರಸಿಯ ಮೇಲೆ ಕೂರಿಸಿದೆ.

“ನೀವ್ ಯಾರ್ರೀ?” ಎಂದ ಮಾಲಕ.

ಅವನಿಗೆ ಉತ್ತರ ಕೊಡುವ ಮುಂಚೆ ನಾನು ಗೋಡೆಯನ್ನು ಬೆರಳಿನಿಂದ ಬಡಿದೆ.