ಉತ್ತರ ಕೊಟ್ಟವರು ಯಾರು

ನನಗೆ ಸಿಟ್ಟು ಬಂದರೆ ಪಾತ್ರೆ ತೊಳೆಯುತ್ತೇನೆ. ಆ ಶನಿವಾರ ಸಂಜೆ ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಂದು ಸಲ ತೊಳೆದೆ.

ಸಿಟ್ಟಿಗೆ ಕಾರಣ ಒಂದು ಸರ್ಕಾರಿ ಫಾರ್ಮು. ಜರ್ಮನಿಯ ಡ್ರೆಸ್ಡೆನ್ನಿನ ನಮ್ಮ ಮನೆಯ ಅಂಚೆ ಡಬ್ಬಿಗೆ ಆ ಪತ್ರ ಬಂದು ಮೂರು ವಾರವಾಗಿತ್ತು. ನಿಮ್ಮ ಮನೆ ಸಮೀಕ್ಷೆಗೆ ಆಯ್ಕೆಯಾಗಿದೆ, ಇಂಥ ವಾರದ ಬಗ್ಗೆ ಆನ್‌ಲೈನ್‌ನಲ್ಲಿ ಉತ್ತರಿಸಿ, ಎಲ್ಲರ ಪರವಾಗಿ ಒಬ್ಬರೇ ಉತ್ತರಿಸಿದರೂ ಆದೀತು ಎಂದಿತ್ತು. ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿರುವ ನನ್ನ ಗಂಡ, ನಾನು ಹೊರಗೆ ಹೋಗಿದ್ದ ಹೊತ್ತಿನಲ್ಲಿ ಕೂತು ಅದನ್ನು ತುಂಬಿ ಕಳಿಸಿಯೂ ಬಿಟ್ಟಿದ್ದರು.

"ಮುಗಿಸ್ಬಿಟ್ಟೆ ಕಣೇ," ಎಂದರು ಹೆಮ್ಮೆಯಿಂದ.

"ನನ್ನ ಬಗ್ಗೆ ಏನ್ ಹಾಕಿದ್ರಿ?"

"ಆ ವಾರ ಸಂಬಳಕ್ಕೆ ಒಂದು ಗಂಟೆನಾದ್ರೂ ಕೆಲಸ ಮಾಡಿದಾರಾ ಅಂತಿತ್ತು, ಇಲ್ಲ. ಕೆಲಸ ಹುಡುಕ್ತಿದಾರಾ, ಇಲ್ಲ. ಕೆಲಸ ಮಾಡೋ ಇಷ್ಟ ಇದೆಯಾ, ಇಲ್ಲ."

"ಇಷ್ಟ ಇಲ್ವಾ? ನನಗಾ?"

"ಅಯ್ಯೋ, ಹೌದು ಅಂದ್ರೆ ಇನ್ನೊಂದು ಹತ್ತು ಹನ್ನೆರಡು ಪ್ರಶ್ನೆ ಓಪನ್ ಆಗ್ತವೆ. ಯಾರಿಗ್ ಬೇಕು ಆ ತಲೆನೋವು? ಹೇಗೂ ನಿನ್ನ ಕಾಂಟ್ರ್ಯಾಕ್ಟ್ ಬಂದೇ ಬರತ್ತಲ್ಲ."

ಅಷ್ಟು ಹೊತ್ತೂ ನಾನು ಎಲ್ಲಿದ್ದೆ? ವಿಶ್ವವಿದ್ಯಾಲಯದ ನನ್ನ ಮೇಜಿನ ಮುಂದೆ. ಹಿಂದಿನ ತಿಂಗಳ ಕೊನೆಗೇ ಕಾಂಟ್ರ್ಯಾಕ್ಟ್ ಮುಗಿದಿತ್ತು. ಹಣ ಕೊಡುವವರು ಗುರುವಾರ ಬರುತ್ತಾರೆ, ನಮ್ಮ ವರದಿ ಮೆಚ್ಚಿದರೆ ಇನ್ನೆರಡು ವರ್ಷ ಖಾತ್ರಿ ಎಂದು ಪ್ರೊಫೆಸರ್ ಹೇಳಿದ್ದರು. ಅದನ್ನು ನಂಬಿ ಸಂಬಳವಿಲ್ಲದೆ ದಿನಾ ಹೋಗುತ್ತಿದ್ದೆ, ಶನಿವಾರವೂ ಸೇರಿ.

ವರದಿ ಬೊಲಿವಿಯಾದ್ದು. ಅಲ್ಲಿನ ಬೆಟ್ಟದ ಮೇಲಿನ ಒಂದು ಊರಿನಲ್ಲಿ ನಮ್ಮ ಯೋಜನೆಯವರೇ ಮನೆಮನೆಗೆ ಹೋಗಿ, ಐದು ಸುತ್ತು ಕೇಳಿ ತಂದ ಮಾಹಿತಿ. ಕೆಲಸ ಮಾಡುವವರು, ಕೆಲಸ ಹುಡುಕುವವರು ಇವರಿಬ್ಬರೂ ದುಡಿಯುವವರ ಲೆಕ್ಕಕ್ಕೆ ಸೇರುತ್ತಾರೆ. ಎರಡೂ ಇಲ್ಲದವರು ಹೊರಗೆ. ನನ್ನ ಗ್ರಾಫಿನಲ್ಲಿ ಹೆಂಗಸರ ಗೆರೆ ಸುತ್ತಿನಿಂದ ಸುತ್ತಿಗೆ ಇಳಿಯುತ್ತಿತ್ತು. "ಹೆಂಗಸರು ದುಡಿಮೆಯಿಂದ ಹಿಂದೆ ಸರಿಯುತ್ತಿದ್ದಾರೆ" ಎಂದು ನಾನೇ ಬರೆದಿದ್ದೆ. ಪ್ರೊಫೆಸರ್‌ಗೆ ಆ ವಾಕ್ಯದ ಮೇಲೆ ಬಹಳ ಪ್ರೀತಿ.

ಸೋಮವಾರ ಬೆಳಿಗ್ಗೆ ಟ್ರಾಮಿನಲ್ಲಿ ನಿಂತಿದ್ದಾಗಲೂ ಗಂಡನ ಮೇಲಿನ ಸಿಟ್ಟು ಇಳಿದಿರಲಿಲ್ಲ. ನಾನು ಮನೆಯಲ್ಲಿಲ್ಲದಾಗ ನನ್ನ ಬಗ್ಗೆ ಹೇಳಲು ಇವರ್ಯಾರು ಎಂದು ಮನಸ್ಸಿನಲ್ಲೇ ಜಗಳವಾಡುತ್ತಿದ್ದೆ. ಇದ್ದಕ್ಕಿದ್ದಂತೆ ಒಂದು ವಿಷಯ ನೆನಪಾಯಿತು. ನಮ್ಮ ಮಾಹಿತಿಯ ಕೊನೆಯಲ್ಲಿ ಒಂದು ಕಾಲಂ ಇತ್ತು: ಉತ್ತರ ಕೊಟ್ಟವರು ಯಾರು. ಮೂರು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ.

ವಿಶ್ವವಿದ್ಯಾಲಯ ತಲುಪಿ, ಕೋಟು ಕೂಡ ಬಿಚ್ಚದೆ ಅದನ್ನು ತೆರೆದೆ. ಮೊದಲ ಸುತ್ತಿನಲ್ಲಿ ನಮ್ಮವರು ಮನೆಗಳಿಗೆ ಹೋಗಿದ್ದು ಸಂಜೆ, ಹೆಂಗಸರೇ ಮಾತಾಡಿದ್ದರು. ಆಮೇಲೆ ಸುತ್ತಿನಿಂದ ಸುತ್ತಿಗೆ ಹೆಚ್ಚು ಹೆಚ್ಚು ಮನೆಗಳಿಗೆ ಹೋಗಿದ್ದು ಬೆಳಗಿನ ಹೊತ್ತು. ಆಗ ಮಾತಾಡಿದವರು ಗಂಡ, ಮಾವ, ಅತ್ತೆ; ಅವಳಿಗೆ ಕೆಲಸವಿಲ್ಲ ಎಂದಿದ್ದರು. ಹೆಂಗಸರೆಲ್ಲಿ? ಮೊದಲ ಸುತ್ತಿನಲ್ಲಿ ಅವರೇ ಹೇಳಿದ್ದಂತೆ ಸಂತೆಯಲ್ಲಿ ಆಲೂಗಡ್ಡೆ ಮಾರುತ್ತಿದ್ದರು, ಇನ್ನೊಬ್ಬರ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದರು! ಕೆಲಸಕ್ಕೆ ಹೋದದ್ದರಿಂದಲೇ ಅವರು ಮನೆಯಲ್ಲಿರಲಿಲ್ಲ, ಮನೆಯಲ್ಲಿಲ್ಲದ್ದರಿಂದಲೇ ಕೆಲಸವಿಲ್ಲದವರಾಗಿದ್ದರು. ಐದು ಸುತ್ತಿನಲ್ಲೂ ಹೆಂಗಸು ತಾನೇ ಉತ್ತರಿಸಿದ್ದ ಮನೆಗಳನ್ನಷ್ಟೇ ಆರಿಸಿ ಮತ್ತೆ ಗೆರೆ ಎಳೆದೆ. ಗೆರೆ ಇಳಿಯಲಿಲ್ಲ.

ತಕ್ಷಣ ಓಡಿಹೋಗಿ ಹೇಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ದಿನ ಬಾಯಿ ಬಿಡಲಿಲ್ಲ. ಈ ಕಾಲಂ ಬೇರೆ ಯಾರೂ ನೋಡುವುದಿಲ್ಲ, ಗುರುವಾರ ಕಳೆಯಲಿ, ಕಾಂಟ್ರ್ಯಾಕ್ಟ್ ಕೈಗೆ ಬರಲಿ, ಆಮೇಲೆ ನೋಡೋಣ ಎಂದುಕೊಂಡೆ. ಮತ್ತೆ ಪಾತ್ರೆ ತೊಳೆಯುತ್ತಾ ನಿಂತೆ. ಗಂಡ "ಇನ್ನೂ ಆ ಫಾರ್ಮಿನ ಸಿಟ್ಟಾ?" ಎಂದಾಗ ಹೂಂ ಎಂದೆ. ನಿಜಕ್ಕೂ ನನಗೆ ನನ್ನ ಮೇಲೇ ಅಸಹ್ಯವಾಗುತ್ತಿತ್ತು. ನನ್ನ ಪರವಾಗಿ ಒಬ್ಬರು ತಪ್ಪು ಹೇಳಿದ್ದಕ್ಕೆ ಇಷ್ಟು ಕುಣಿದವಳು, ಅಷ್ಟೊಂದು ಹೆಂಗಸರ ಪರವಾಗಿ ತಪ್ಪು ಹೇಳಲು ಹೊರಟಿದ್ದೆ.

ಬುಧವಾರ ಮಧ್ಯಾಹ್ನ ಪ್ರೊಫೆಸರ್ ಕೋಣೆಗೆ ಹೋಗಿ ಎರಡೂ ಗ್ರಾಫುಗಳನ್ನು ಮುಂದಿಟ್ಟೆ. ಆಕೆ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಇದು ನಿನಗೆ ಗೊತ್ತಾದದ್ದು ಯಾವಾಗ?"

"ಸೋಮವಾರ."

"ಇವತ್ತು ಬುಧವಾರ."

ಬೇರೆ ಬೈಗುಳ ಬರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ನಾಳೆ ಎರಡನ್ನೂ ನೀನೇ ತೋರಿಸು," ಎಂದರು.

ತೋರಿಸಿದೆ. ಬಂದವರು ಬಹಳ ಮರ್ಯಾದೆಯಿಂದ ಕೇಳಿದರು, ಕಾಫಿ ಕುಡಿದರು, ಕೈ ಕುಲುಕಿದರು. ಶುಕ್ರವಾರ ಬೆಳಿಗ್ಗೆ ಪ್ರೊಫೆಸರ್ ಫೋನ್ ಮಾಡಿದರು. ಮುಂದಿನ ಹಂತವನ್ನು ಸದ್ಯಕ್ಕೆ ಕೈಬಿಟ್ಟಿದ್ದಾರಂತೆ, ನನ್ನ ಕಾಂಟ್ರ್ಯಾಕ್ಟ್ ಇಲ್ಲವಂತೆ. ಕೆಲಸ ಹೋಯಿತು. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗಂಡ ಲ್ಯಾಪ್‌ಟಾಪ್ ಮುಚ್ಚಿ ನನ್ನನ್ನೇ ನೋಡುತ್ತಿದ್ದರು. ನಾನು ಸಮೀಕ್ಷೆಯ ಪತ್ರ ಹುಡುಕಿ, ಅದರಲ್ಲಿದ್ದ ನಂಬರಿಗೆ ಫೋನ್ ಹಚ್ಚಿದೆ.

"ನಮ್ಮ ಉತ್ತರ ತಿದ್ದಬೇಕಿತ್ತು," ಎಂದೆ ನನ್ನ ಹರಕು ಮುರುಕು ಜರ್ಮನ್‌ನಲ್ಲಿ.

ಆ ಕಡೆಯ ಹೆಂಗಸು ಫೈಲ್ ತೆರೆದಳು. "ಆ ವಾರ ನಿಮಗೆ ಸಂಬಳದ ಕೆಲಸ ಇತ್ತೇ?"

"ಇಲ್ಲ."

"ಹುಡುಕುತ್ತಿದ್ದಿರಾ?"

"ಇಲ್ಲ. ಇವತ್ತಿನಿಂದ ಹುಡುಕಬೇಕು."

"ಇವತ್ತಿನದು ಲೆಕ್ಕಕ್ಕಿಲ್ಲ. ಹಾಗಾದರೆ ಬರೆದಿರುವುದು ಸರಿಯಾಗಿಯೇ ಇದೆಯಲ್ಲ?"

"ಮುಂದಿನದು ತಪ್ಪಿದೆ. ಕೆಲಸ ಮಾಡುವ ಇಷ್ಟವಿಲ್ಲ ಎಂದಿದೆ. ನನಗೆ ಇಷ್ಟವಿತ್ತು. ಈಗಲೂ ಇದೆ."

ಕೀಲಿಮಣೆಯ ಸದ್ದು ಕೇಳಿಸಿತು. "ಹೌದು ಎಂದು ತಿದ್ದಿದ್ದೇನೆ. ಇದಕ್ಕೆ ಇನ್ನೊಂದಿಷ್ಟು ಪ್ರಶ್ನೆಗಳಿವೆ, ಸಮಯ ಇದೆಯೇ?"

ಇದೆ ಎಂದೆ. ಗಂಡ ಎದುರಿಗೇ ಕೂತಿದ್ದರು, ತಲೆ ಎತ್ತಲಿಲ್ಲ. ಆಕೆ ಒಂದೊಂದಾಗಿ ಕೇಳಿದಳು, ನಾನು ಒಂದೊಂದಾಗಿ ಹೇಳಿದೆ. ಹನ್ನೆರಡೂ ಇರಲಿಲ್ಲ, ಹತ್ತೂ ಇರಲಿಲ್ಲ. ಇದ್ದದ್ದು ನಾಲ್ಕೇ ಪ್ರಶ್ನೆ.